ಕೆಳಗೆ ಆಳಿಲ್ಲದ ಬೋಟು

ನಮ್ಮ ಆಟದಲ್ಲಿ ಮಂಜೊಂದು ಚೆನ್ನಾಗಿತ್ತು. ಇದನ್ನು ಧೈರ್ಯವಾಗಿ ಹೇಳಬಲ್ಲೆ, ಏಕೆಂದರೆ ಮಂಜು ಮಾಡಿದ್ದು ನಾನಲ್ಲ, ಚಿತ್ರಕಾರ. ಬೆಳಕು ಹಾಯುವಂಥ ನಲವತ್ತು ಹಾಳೆಗಳನ್ನು ಒಂದರ ಹಿಂದೊಂದು ನಿಲ್ಲಿಸಿ, ಪ್ರತಿಯೊಂದನ್ನೂ ಬೇರೆ ಬೇರೆ ವೇಗದಲ್ಲಿ ಜರುಗಿಸಿ ಅದನ್ನು ಕಟ್ಟಿದ್ದ. ಕಂಪ್ಯೂಟರಿನ ಪರದೆಯ ಮೇಲೆ ಕೊಚ್ಚಿಯ ಹಿನ್ನೀರು, ನಸುಕು, ಒಂದು ಪ್ರಯಾಣಿಕರ ಬೋಟು. ಆಡುವವರು ಅದನ್ನು ಒಂದು ಜೆಟ್ಟಿಯಿಂದ ಇನ್ನೊಂದಕ್ಕೆ ಮುಟ್ಟಿಸಬೇಕು, ಅಷ್ಟೇ. ಗುಂಡು ಹಾರಿಸುವುದಿಲ್ಲ, ಓಡುವುದಿಲ್ಲ, ಅಂಕಗಳಿಲ್ಲ. ನಿದ್ದೆಗೂ ಎಚ್ಚರಕ್ಕೂ ನಡುವಿನ ಹೊತ್ತಿನಂಥ ಒಂದು ಆಟ ಮಾಡಬೇಕೆಂದು ನಾವಿಬ್ಬರೂ ಹೊರಟಿದ್ದೆವು. ಆಡಿದವರು ನಿಜಕ್ಕೂ ತೂಕಡಿಸುತ್ತಿದ್ದರು.

ನನ್ನ ಊರು ಕುಂಬಳೆ ಕಡೆ. ಕೊಚ್ಚಿಯ ಪಾಲಾರಿವಟ್ಟಂನ ಒಂದು ಕಚೇರಿಯಲ್ಲಿ ನನ್ನ ಕೆಲಸವೆಂದರೆ ಮೊಬೈಲಿನಲ್ಲಿ ಸಾಮಾನು ಕೊಳ್ಳುವವರಿಗೆ ಪುಟಗಳು ಬೇಗ ತೆರೆಯುವಂತೆ ಮಾಡುವುದು. ಬೆರಳು ಒತ್ತಿದ್ದಕ್ಕೂ ಪುಟ ತೆರೆದದ್ದಕ್ಕೂ ನಡುವಿನ ಕ್ಷಣವನ್ನು ಕತ್ತರಿಸಿ ಕತ್ತರಿಸಿ ತೆಳ್ಳಗೆ ಮಾಡುವುದರಲ್ಲಿ ನಾನು ಗಟ್ಟಿಗಿತ್ತಿ ಎಂಬ ಹೆಸರಿದೆ. ಹೆಸರಿನ ಜೊತೆಗೆ ಜಂಬವೂ ಇದೆ. ಚಿತ್ರಕಾರ ಹುಬ್ಬಳ್ಳಿಯವನು. ಇಲ್ಲಿನ ಐಟಿ ಪಾರ್ಕಿಗೆ ಬಂದು, ಎರಡು ವರ್ಷ ಪರದೆಯ ಮೇಲಿನ ಗುಂಡಿಗಳ ಬಣ್ಣ ಬದಲಿಸುವ ಕೆಲಸ ಮಾಡಿ, ಬೇಸತ್ತು ಬಿಟ್ಟಿದ್ದ. ದಿನಾ ಬೆಳಿಗ್ಗೆ ಆರರಿಂದ ಎಂಟೂವರೆವರೆಗೆ ನನ್ನ ಮನೆಯ ಊಟದ ಮೇಜಿನ ಮೇಲೆ ನಾವು ಆಟ ಕಟ್ಟುತ್ತಿದ್ದೆವು. ಎಂಟೂವರೆಗೆ ನಾನು ಬಸ್ಸು ಹಿಡಿಯುತ್ತಿದ್ದೆ, ಅವನು ಮಂಜು ಹಿಡಿಯುತ್ತಿದ್ದ.

ಆಗ ತಿರುವನಂತಪುರದಲ್ಲಿ ಹೊಸ ಆಟಗಳ ಒಂದು ಆಯ್ಕೆ ಇದೆಯೆಂದು ತಿಳಿಯಿತು. ಹತ್ತು ನಿಮಿಷ ಆಟ ತೋರಿಸಬೇಕು. ಆಯ್ಕೆಯಾದ ತಂಡಕ್ಕೆ ಒಂದು ವರ್ಷ ಕೆಲಸ ಮಾಡಲು ಕೋಣೆ, ಯಂತ್ರ, ಕೇಳಿದರೆ ಹೇಳಿಕೊಡುವವರು. ಅದೇ ವಾರ ಚಿತ್ರಕಾರನಿಗೆ ಪುಣೆಯಿಂದ ಕೆಲಸದ ಕರೆ ಬಂತು. ನಮ್ಮ ಶನಿವಾರದ ಪ್ರದರ್ಶನ ಮುಗಿದು ಸೋಮವಾರದೊಳಗೆ ಅವನು ಹೌದು ಅಥವಾ ಇಲ್ಲ ಎನ್ನಬೇಕಿತ್ತು.

“ಕೋಣಿ ಸಿಕ್ರ ಇಲ್ಲೇ ಇರ್ತೀನ್ರಿ ಅಕ್ಕಾ,” ಅಂದ. “ಸಿಗಲಿಲ್ಲಂದ್ರ ಹೋಗ್ತೀನಿ. ಮನ್ಯಾಗ ಎಷ್ಟ ದಿನಾಂತ ಸುಳ್ಳ ಹೇಳ್ಲಿ?”

ಸರಿ ಎಂದು ತಲೆಯಾಡಿಸಿದೆ. ಒಳಗೆ ಮಾತ್ರ ಹೆದರಿಕೆಯಾಯಿತು. ಅವನು ಹೋದರೆ ನನ್ನ ಬಳಿ ಉಳಿಯುವುದು ಕಪ್ಪು ಪರದೆಯ ಮೇಲಿನ ಅಕ್ಷರಗಳು ಮಾತ್ರ. ಇಷ್ಟು ವರ್ಷದಲ್ಲಿ ಜೊತೆಗೆ ಕೂತು ಕೆಲಸ ಮಾಡಿದರೆ ಮನಸ್ಸು ಹಗುರಾಗುವಂಥ ಒಬ್ಬನೇ ಒಬ್ಬ ಸಿಕ್ಕಿದ್ದ.

ಮೂರು ವಾರ ಇತ್ತು. ಬೋಟಿನ ಮೇಲೆ ಪ್ರಯೋಗ ಶುರುಮಾಡಿದೆ. ಮೊದಲು ನಮ್ಮ ಬೋಟಿಗೆ ಸ್ವಲ್ಪ ಭಾರ ಇತ್ತು, ತಿರುಗಿಸಿದರೆ ನಿಧಾನಕ್ಕೆ ತಿರುಗುತ್ತಿತ್ತು. ಆಡಿದವರಿಗೆ ಬೇಜಾರಾಗುವುದು ಅದಕ್ಕೇ ಎಂದು ತೀರ್ಮಾನಿಸಿ ಭಾರದ ಸಂಖ್ಯೆಯನ್ನು ಇಳಿಸಿದೆ. ಆಮೇಲೆ ಎಂಜಿನ್ನು ಓಗೊಡುವ ಹೊತ್ತನ್ನು ಇಳಿಸಿದೆ. ಪರದೆಯ ಮೇಲೆ ಚಿತ್ರ ಸೆಕೆಂಡಿಗೆ ಅರವತ್ತು ಸಲ ಬದಲಾಗುತ್ತದೆ; ಗುಂಡಿ ಒತ್ತಿದ ಮರುಚಿತ್ರದಲ್ಲೇ ಬೋಟು ನಿಲ್ಲುವಂತೆ ಮಾಡಿದೆ. ಆ ದಿನ ನನಗೆ ನಾನೇ ಎರಡನೇ ಚಹಾ ಮಾಡಿಕೊಂಡೆ. ಕಚೇರಿಯ ಗೆಳತಿಯೊಬ್ಬಳು ಆಡಿ, “ಕೊಳ್ಳಾಂ,” ಅಂದಳು. ಚೆನ್ನಾಗಿದೆ ಎಂದರ್ಥ. ನಾಲ್ಕು ನಿಮಿಷಕ್ಕೆ ಲ್ಯಾಪ್‌ಟಾಪ್ ನನ್ನ ಕಡೆ ತಳ್ಳಿ ಊಟದ ಡಬ್ಬಿ ಬಿಚ್ಚಿದಳು. ಪ್ರಯಾಣಿಕರನ್ನು ಸೇರಿಸಿದೆ, ಹಕ್ಕಿಗಳನ್ನು ಸೇರಿಸಿದೆ, ಎದುರಿನಿಂದ ಬರುವ ಹಡಗು ಸೇರಿಸಿದೆ. ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಹನ್ನೆರಡು ದಿನ ಉಳಿದಿದ್ದಾಗ ಚಿತ್ರಕಾರ ಎಂಜಿನ್ನಿನ ಸದ್ದು ಬೇಕೆಂದ. ಬೆಳಗಿನ ಬೋಟಿನಲ್ಲಿ ವಿಲ್ಲಿಂಗ್ಡನ್ ಐಲ್ಯಾಂಡಿಗೆ ಹೊರಟೆವು. ಹಳೆಯ ಡೀಸೆಲ್ ಬೋಟು. ನೀರಿನ ಮೇಲೆ ಹಾಲಿನ ಕೆನೆಯಂಥ ಬೆಳಕು. ಬಂದರಿನ ಕಡೆ ಕ್ರೇನುಗಳು ಇನ್ನೂ ಪೂರ್ತಿ ಎದ್ದಿರಲಿಲ್ಲ, ತಲೆ ಮಾತ್ರ ಕಾಣುತ್ತಿತ್ತು. ಬೆಂಚುಗಳಲ್ಲಿ ಕೂತ ಬಂದರಿನ ನೌಕರರೆಲ್ಲ ಕಣ್ಣುಮುಚ್ಚಿಕೊಂಡಿದ್ದರು. ಹೀಗೆ ಮೈಮರೆತು ಹೋಗುತ್ತಿದ್ದರೆ ಎಲ್ಲಿಗೂ ತಲುಪದಿದ್ದರೂ ಆದೀತು ಅನ್ನಿಸಿತು.

ಮುಂದುಗಡೆ ಚಕ್ರ ಹಿಡಿದು ನಿಂತವರನ್ನು ಇಲ್ಲಿ ಸ್ರಾಂಕ್ ಎನ್ನುತ್ತಾರೆ. ಅವರ ತಲೆಯ ಹತ್ತಿರ ಒಂದು ಹಗ್ಗ. ಅದು ಮಾಡಿನುದ್ದಕ್ಕೂ ಹಾದು ಬೋಟಿನ ನಡುವಿನ ಒಂದು ಬಾವಿಯಂಥ ಗುಂಡಿಯ ಮೇಲಿನ ಗಂಟೆಗೆ ಕಟ್ಟಿತ್ತು. ಆ ಗುಂಡಿಯಲ್ಲಿ ಎಂಜಿನ್ನು, ಪಕ್ಕದಲ್ಲಿ ಅದನ್ನು ನಡೆಸುವ ಮನುಷ್ಯ. ಮೇಲಿನವರಿಗೆ ನೀರು ಕಾಣುತ್ತದೆ, ಎಂಜಿನ್ನು ಕೈಗೆ ಸಿಗುವುದಿಲ್ಲ. ಕೆಳಗಿನವರ ಕೈಯಲ್ಲಿ ಎಂಜಿನ್ನು ಇದೆ, ನೀರು ಕಾಣುವುದಿಲ್ಲ. ನಡುವೆ ಗಂಟೆ. ಒಂದೊಂದು ಬಡಿತಕ್ಕೆ ಒಂದೊಂದು ಅರ್ಥ. ಈ ಬೋಟನ್ನು ನಾನು ಎಷ್ಟು ಸಲ ಹತ್ತಿದ್ದೇನೋ, ಗಂಟೆಯನ್ನು ಎಷ್ಟು ಸಲ ಕೇಳಿದ್ದೇನೋ. ನಮ್ಮ ಆಟದಲ್ಲೂ ಒಂದು ಗಂಟೆ ಇತ್ತು, ಅಂದಕ್ಕೆ ತೂಗುಹಾಕಿದ್ದು.

ದಡ ಮುಟ್ಟಿದ ಮೇಲೆ ಸ್ರಾಂಕ್ ಚಹಾ ಕುಡಿಯಲು ಕೂತರು. ಅರವತ್ತರ ಹತ್ತಿರದವರು. “ಚೇಟ್ಟಾ, ಒಂದು ಸಲ ಇದನ್ನು ಆಡಿ ನೋಡುತ್ತೀರಾ?” ಎಂದು ಅಣ್ಣನನ್ನು ಕರೆಯುವಂತೆ ಕರೆದು ಮಲಯಾಳದಲ್ಲಿ ಕೇಳಿ ಲ್ಯಾಪ್‌ಟಾಪ್ ಬೆಂಚಿನ ಮೇಲಿಟ್ಟೆ. ಗುಂಡಿಗಳನ್ನು ತೋರಿಸಿಕೊಟ್ಟೆ. ಮೊದಲ ಯತ್ನದಲ್ಲೇ ಬೋಟನ್ನು ಜೆಟ್ಟಿಗೆ ತಾಗಿಸಿ ನಿಲ್ಲಿಸಿದರು. ನನಗೆ ಹಿಗ್ಗೋ ಹಿಗ್ಗು.

“ಮೋಳೇ, ಇದರಲ್ಲಿ ಕೆಳಗೆ ಯಾರೂ ಇಲ್ಲ,” ಅಂದರು, ಮಗಳನ್ನು ಕರೆಯುವಂತೆ.

“ಇಲ್ಲ ಚೇಟ್ಟಾ. ನೀವು ಒತ್ತಿದ ಕೂಡಲೇ ನಿಲ್ಲುತ್ತದೆ.”

“ಅದೇ ಹೇಳಿದ್ದು.” ಚಹಾದ ಲೋಟ ಕೆಳಗಿಟ್ಟರು. “ನಾನು ಗಂಟೆ ಬಾರಿಸುವುದು ಜೆಟ್ಟಿಗೆ ಬಂದಾಗ ಅಲ್ಲ. ಬಂದಮೇಲೆ ಬಾರಿಸಿದರೆ ಜೆಟ್ಟಿ ಮುರಿಯುತ್ತದೆ. ಅಷ್ಟು ದೂರದಲ್ಲೇ ಬಾರಿಸಬೇಕು. ಕೆಳಗೆ ಅವನು ಕೇಳಬೇಕು, ಕೈ ಹಾಕಬೇಕು, ಎಂಜಿನ್ನು ಒಪ್ಪಬೇಕು, ಆಮೇಲೆ ನೀರು ಒಪ್ಪಬೇಕು. ಅಷ್ಟು ಹೊತ್ತು ನನ್ನ ಎದೆ ಹೊಡೆದುಕೊಳ್ಳುತ್ತದೆ. ಮೂವತ್ತು ವರ್ಷವಾಯಿತು, ಇನ್ನೂ ಹೊಡೆದುಕೊಳ್ಳುತ್ತದೆ. ಇದರಲ್ಲಿ ಹೊಡೆದುಕೊಳ್ಳಲಿಲ್ಲ.”

ಮನೆಗೆ ಬಂದು, ರೆಕಾರ್ಡ್ ಮಾಡಿದ ಸದ್ದನ್ನು ಪರದೆಯ ಮೇಲೆ ಗೆರೆಯಾಗಿ ಹರಡಿ ನೋಡಿದೆ. ಗಂಟೆಯ ಸದ್ದು ಒಂದು ಮುಳ್ಳಿನಂತೆ ಎದ್ದಿತ್ತು. ಅಲ್ಲಿಂದ ಎಂಜಿನ್ನಿನ ಸ್ವರ ಇಳಿಯುವವರೆಗೆ ಒಂದು ಸೆಕೆಂಡಿಗಿಂತ ಹೆಚ್ಚು. ಪ್ರತಿ ಸಲವೂ ಬೇರೆ ಬೇರೆ. ನನ್ನ ಕಚೇರಿಯಲ್ಲಿ ಇಷ್ಟು ತಡವಾದರೆ ಸಭೆ ಕರೆಯುತ್ತಾರೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವಳು ನಾನು. ಒಂದು ವಾರಕ್ಕೂ ಹೆಚ್ಚು ಹಟ ಹಿಡಿದು ಕತ್ತರಿಸಿ ಬಿಸಾಡಿದ್ದೇ ಆಟದ ಜೀವವಾಗಿತ್ತು.

ಬೋಟನ್ನು ಎರಡು ಮಾಡೋಣ ಎಂದೆ. ಎರಡು ಲ್ಯಾಪ್‌ಟಾಪು, ಇಬ್ಬರು ಆಡುವವರು. ಒಬ್ಬರಿಗೆ ನೀರು, ಮಂಜು, ಚಕ್ರ, ಗಂಟೆಯ ಹಗ್ಗ. ಇನ್ನೊಬ್ಬರಿಗೆ ಎಂಜಿನ್ ಗುಂಡಿಯ ಒಳಗೋಡೆ, ವೇಗ ಬದಲಿಸುವ ಒಂದು ಹಿಡಿ, ಕಿವಿಗೆ ಗಂಟೆ. ನಿಜವಾದ ಬೋಟಿನ ಸಂಕೇತಗಳನ್ನೆಲ್ಲ ತರದೆ ಮೂರನ್ನೇ ಇಟ್ಟುಕೊಳ್ಳೋಣ: ಒಂದು ಬಡಿತಕ್ಕೆ ನಿಲ್ಲು, ಎರಡಕ್ಕೆ ಹಿಂದೆ, ಮೂರಕ್ಕೆ ಮುಂದೆ.

ಚಿತ್ರಕಾರನಿಗೆ ಸಿಟ್ಟು ಬಂತು. “ಆರು ತಿಂಗಳಾತ್ರಿ ನೀರಿನ ಚಿತ್ರಾ ತಗ್ಯಾಕತ್ತು. ಈಗ ಆಡೋ ಇಬ್ಬರೊಳಗ ಒಬ್ಬಗ ನೀರ ಕಾಣಂಗಿಲ್ಲ ಅಂತೀರಿ. ಇನ್ನ ಹತ್ತ ದಿನಾ ಉಳದಾವ. ಕೆಲಸಾ ಮಾಡೋದನ್ನ ಮುರದು ಕೆಲಸಾ ಮಾಡ್ಲಾರದ್ದನ್ನ ತಗೊಂಡು ಹೋಗೂಣೇನು?”

“ಈಗಿರುವುದು ಕೆಲಸ ಮಾಡ್ತದೆ, ಆದರೆ ಯಾರಿಗೂ ಬೇಡ.”

“ಹೌದ್ರಿ, ನಿಮಗೇನ, ನೌಕರಿ ಐತಿ.”

ಅದು ನಾಟಿತು. ಅಳು ಬಂತು, ತೋರಿಸಿಕೊಳ್ಳಲಿಲ್ಲ. ಮರುದಿನ ಆರಕ್ಕೆ ಅವನು ಬರಲಾರ ಎಂದುಕೊಂಡೇ ಬಾಗಿಲು ತೆರೆದರೆ ನಿಂತಿದ್ದ. ಒಂದು ಚಿತ್ರ ತಂದಿದ್ದ. ಎಂಜಿನ್ ಗುಂಡಿಯ ಗೋಡೆ, ಎಣ್ಣೆಯ ಕಲೆ, ಮೇಲೆ ಹಲಗೆಯ ಮಾಡು. ಆ ಮಾಡು, ಗೋಡೆಗಳ ಮೇಲೆ, ಎಲ್ಲೋ ಸಂದಿಯಿಂದ ಒಳಬಂದ ನೀರಿನ ಬೆಳಕು ಬಲೆಬಲೆಯಾಗಿ ತೇಲುತ್ತಿತ್ತು. “ನೀರ ಕಾಣದಿದ್ರೇನಾತು, ನೀರಿನ ಬೆಳಕರ ಕಾಣ್ಲಿ,” ಅಂದ. ಜೆಟ್ಟಿ ಹತ್ತಿರವಾದಾಗ ಕಂಬಗಳ ನೆರಳು ಅಡ್ಡ ಬಂದು ಆ ಬಲೆ ಹರಿಯುತ್ತದೆ. ಗಮನಿಸಿದವರಿಗೆ ಮಾತ್ರ ತಿಳಿಯುವಷ್ಟು. ನಾನು ಆ ಗೋಡೆಯನ್ನೇ ನೋಡುತ್ತಾ ಕೂತು ಬಸ್ಸು ತಪ್ಪಿಸಿಕೊಂಡೆ.

ಒಂಬತ್ತು ದಿನ ಹಾಗೇ ಹೋಯಿತು. ಎರಡು ಯಂತ್ರಗಳ ನಡುವೆ ಕೇಬಲ್ ಹಾಕಿದೆ. ಎಂಜಿನ್ನಿನ ಸದ್ದನ್ನು ಮೂರು ವೇಗಕ್ಕೆ ಮೂರಾಗಿ ಕತ್ತರಿಸಿ, ಒಂದರೊಳಗೆ ಒಂದು ಕರಗುವಂತೆ ಜೋಡಿಸಿದೆ. ಅಭ್ಯಾಸಬಲದಿಂದ ಕೆಳಗಿನವರ ಪರದೆಯಲ್ಲಿ ‘ನಿಲ್ಲಿಸಿ’ ಎಂದು ಅಕ್ಷರ ಮೂಡಿಸಿದ್ದೆ. ಚಿತ್ರಕಾರ ಅದನ್ನು ಕೇಳದೆಯೇ ಅಳಿಸಿದ. ನಾನೊಬ್ಬಳೇ ಪರೀಕ್ಷಿಸುವಾಗ ಕೆಳಗಿನವರ ಬದಲಿಗೆ ನಾಲ್ಕು ಸಾಲು ಕೋಡ್ ಬರೆದು ಕೂರಿಸುತ್ತಿದ್ದೆ. ಆ ನಾಲ್ಕು ಸಾಲು ಎಂದೂ ತಪ್ಪುತ್ತಿರಲಿಲ್ಲ, ತಡಮಾಡುತ್ತಿರಲಿಲ್ಲ. ಹಾಗಾಗಿ ಆಟ ಸರಿಯಿದೆ ಎಂದೇ ನಂಬಿದ್ದೆ.

ಶುಕ್ರವಾರ ರಜೆ ಹಾಕಿ ರೈಲು ಹತ್ತಿದೆವು. ತಿರುವನಂತಪುರದಲ್ಲಿ ಸೋದರಮಾವನ ಮನೆ, ಪಟ್ಟಂನಲ್ಲಿ ಒಂದು ಫ್ಲ್ಯಾಟು. ಮಾವ ಸರಕಾರದ ಆದೇಶಗಳನ್ನು ಕನ್ನಡಕ್ಕೆ ಅನುವಾದಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. ಅತ್ತೆ ಶಾಲೆಯಲ್ಲಿ ಗಣಿತ ಕಲಿಸಿದವರು. ಮಧ್ಯಾಹ್ನ ಊಟವಾದ ಮೇಲೆ ಇಬ್ಬರನ್ನೂ ಸೋಫಾದಲ್ಲಿ ಅಕ್ಕಪಕ್ಕ ಕೂರಿಸಿದೆ. ಮಾವ ಮೇಲೆ, ಅತ್ತೆ ಕೆಳಗೆ.

“ನಿಲ್ಸು, ನಿಲ್ಸು! ಗುದ್ದುತ್ತದೆ ಮಾರಾಯ್ತಿ!” ಎಂದು ಮಾವ ಕೂಗಿದರು. ಹಗ್ಗ ಎಳೆಯುವುದು ಮರೆತೇಹೋಗಿತ್ತು.

“ಬೊಬ್ಬೆ ಎಂತಕ್ಕೆ? ನಿಲ್ಸಿದೆನಲ್ಲ.”

“ನೀನು ನಿಲ್ಸುವಾಗ ಗುದ್ದಿಯಾಯ್ತು.”

“ಹಾಗಾದರೆ ಬೇಗ ಹೇಳ್ಬೇಕಿತ್ತು. ಮೂವತ್ತೆಂಟು ವರ್ಷದಿಂದ ಇದೇ ಕತೆ.”

ನಾವು ನಕ್ಕೆವು, ನಾನು ಮಾತ್ರ ಅರ್ಧಕ್ಕೆ ನಿಲ್ಲಿಸಿದೆ. ಪಕ್ಕದಲ್ಲೇ ಕೂತವರು ಬಾಯಲ್ಲಿ ಹೇಳಿಬಿಡುತ್ತಾರೆ, ಗಂಟೆಯನ್ನು ಯಾರು ಬಾರಿಸುತ್ತಾರೆ? ನನ್ನ ನಾಲ್ಕು ಸಾಲು ಕೋಡಿಗೆ ಬಾಯಿ ಇರಲಿಲ್ಲ, ಅದಕ್ಕೇ ಇದು ಹೊಳೆದಿರಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಸಿ ನೋಡಿದೆ. ಮಾವ ಇನ್ನೂ ಜೋರಾಗಿ ಕೂಗಿದರು. ಚಿತ್ರಕಾರ ಬಾಲ್ಕನಿಗೆ ಹೋಗಿ ರಸ್ತೆಯ ಆಟೋಗಳನ್ನು ನೋಡುತ್ತಾ ನಿಂತ. ಪುಣೆಗೆ ಬರೆಯುವ ಉತ್ತರವನ್ನು ಮನಸ್ಸಿನಲ್ಲೇ ಬರೆಯುತ್ತಿದ್ದಾನೆ ಎಂದು ನನಗನ್ನಿಸಿತು.

ಶನಿವಾರ ಬೆಳಿಗ್ಗೆ ಸ್ನಾನ ಮುಗಿಸಿ ಅಡುಗೆಮನೆಯಲ್ಲಿ ಕಾಫಿಗೆ ಕಾಯುತ್ತಿದ್ದೆ. ಮಾವ ಆಚೆಯ ಕೋಣೆಯಲ್ಲಿ ಪೂಜೆಗೆ ಕೂತಿದ್ದರು. ಧೂಪಕ್ಕೆ ಗಂಟೆ ಕೇಳಿತು, ನಿಂತಿತು. ದೀಪಕ್ಕೆ ಕೇಳಿತು, ನಿಂತಿತು. ಅತ್ತೆ ಒಲೆಯಿಂದ ನೈವೇದ್ಯದ ಅನ್ನ ಇಳಿಸಿ, ಎಲೆಯ ಮೇಲೆ ಬಡಿಸಿ, ತುಪ್ಪ ಹಾಕಿ, ಎತ್ತಿಕೊಂಡು ಹೊರಟರು. ಗಂಟೆ ಇನ್ನೂ ಆಗಿರಲಿಲ್ಲ. ಅವರು ಪೂಜೆಯ ಕೋಣೆಯ ಹೊಸ್ತಿಲಿಗೆ ಕಾಲಿಡುವುದಕ್ಕೂ ನೈವೇದ್ಯದ ಗಂಟೆ ಬಾರಿಸುವುದಕ್ಕೂ ಸರಿಯಾಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ವಾಪಸು ಬಂದಾಗ ಕೇಳಿದೆ. “ಗಂಟೆ ಆಗುವ ಮೊದಲೇ ಹೇಗೆ ಹೊರಟಿರಿ ಅತ್ತೆ?”

“ಗಂಟೆ ಕೇಳಿದ ಮೇಲೆ ಎದ್ದರೆ ಅವರು ಅಲ್ಲಿ ಕಾಯ್ಬೇಕಲ್ಲ? ದೀಪದ ಗಂಟೆ ನಿಂತದ್ದು ಗೊತ್ತಾಗ್ತದೆ. ಮತ್ತೆ ಇಷ್ಟು ಹೊತ್ತು ಅಂತ ಮೈಗೆ ಗೊತ್ತುಂಟು. ಅದಕ್ಕೆ ಎಂತ ಲೆಕ್ಕ?” ಎಂದು ಕಾಫಿ ಕೈಗಿಟ್ಟರು.

ನಾನು ಕಾಫಿ ಕುಡಿಯಲಿಲ್ಲ. ಓಡಿಹೋಗಿ ಲ್ಯಾಪ್‌ಟಾಪ್ ತಂದು ಅಡುಗೆಮನೆಯ ಕಟ್ಟೆಯ ಮೇಲೆ, ತೆಂಗಿನಕಾಯಿ ಹೋಳುಗಳ ಪಕ್ಕ ಇಟ್ಟೆ. ಕೇಬಲನ್ನು ಬಾಗಿಲ ಕೆಳಗಿಂದ ತೂರಿಸಿ ಮಾವನನ್ನು ಆಚೆ ಕೂರಿಸಿದೆ. ನಡುವೆ ಗೋಡೆ. ಮೊದಲ ಸಲ ಬೋಟು ಜೆಟ್ಟಿ ದಾಟಿ ಹೋಯಿತು. ಎರಡನೆಯ ಸಲ ಮಾವ ಮೊದಲೇ ಗಂಟೆ ಬಾರಿಸಿದರು, ಅತ್ತೆಯ ಕೈ ಆಗಲೇ ಹಿಡಿಯ ಮೇಲಿತ್ತು. ಎಂಜಿನ್ನು ಇಳಿಯಿತು, ಬೋಟು ಮಂಜಿನಲ್ಲಿ ಜಾರುತ್ತಾ ಬಂದು ಜೆಟ್ಟಿಗೆ ಒರಗಿ ನಿಂತಿತು. ಇಷ್ಟು ತಿಂಗಳಲ್ಲಿ ಮೊದಲ ಸಲ ನನ್ನ ಎದೆ ಹೊಡೆದುಕೊಂಡಿತು.

“ಮುಟ್ಟಿತಾ?” ಅತ್ತೆ ಒಳಗಿನಿಂದ ಕೇಳಿದರು.

“ಮುಟ್ಟಿತು,” ಅಂದರು ಮಾವ, ಬಹಳ ಮೆಲ್ಲಗೆ.

ಅತ್ತೆಯ ಒಂದು ಹಳೆಯ ಮಂಚದ ಹೊದಿಕೆ, ಬಟ್ಟೆ ಒಣಹಾಕುವ ಹಗ್ಗ ಕೇಳಿಕೊಂಡು ಆಟೋ ಹತ್ತಿದೆವು. ಪ್ರದರ್ಶನದ ಸಭಾಂಗಣದಲ್ಲಿ ಎಲ್ಲರ ಮೇಜುಗಳ ಮೇಲೆ ಬಣ್ಣದ ದೀಪಗಳು. ನಮ್ಮ ಎರಡು ಮೇಜುಗಳ ನಡುವೆ ನವಿಲಿನ ಚಿತ್ರದ ಹೊದಿಕೆ ಒಣಹಾಕಿದಂತಿತ್ತು. ಮೊದಲು ಮಾಡಿದವರೇ ಆಡಿ ತೋರಿಸಬೇಕೆಂದು ನಿಯಮ. ನಾನು ಮೇಲೆ, ಚಿತ್ರಕಾರ ಕೆಳಗೆ. ಎಷ್ಟೋ ತಿಂಗಳಿಂದ ಒಂದೇ ಮೇಜಿನಲ್ಲಿ ಕೂತಿದ್ದೆವು, ಇದನ್ನು ಒಟ್ಟಿಗೆ ಆಡಿಯೇ ಇರಲಿಲ್ಲ. ಗಂಟೆ ಬಾರಿಸಿದೆ. ನಾಲ್ಕು ಸಾಲು ಕೋಡಿನ ಅಭ್ಯಾಸ ನನಗೆ; ಹತ್ತಿರ ಬಂದಮೇಲೆ ಬಾರಿಸಿದ್ದೆ. ಅವನ ಕೈ ಹೋಗುವುದರೊಳಗೆ ನಮ್ಮ ಬೋಟು ನಮ್ಮದೇ ಜೆಟ್ಟಿಗೆ ಗುದ್ದಿತು. ಕುಣಿಯಲಾರದವಳು ನೆಲ ಡೊಂಕು ಎನ್ನಲೂ ಆಗದಂತೆ ನೆಲವನ್ನೂ ನಾನೇ ಮಾಡಿದ್ದೆ.

ಆಮೇಲೆ ಆಯ್ಕೆಗಾರರು ಇಬ್ಬರು ಕೂತರು. ಹೊದಿಕೆಯ ಆಚೆ ಕೂತ ಹೆಂಗಸು ಎಂಟು ನಿಮಿಷ ಮಾತಾಡದೆ ಗೋಡೆಯ ಬೆಳಕನ್ನು ನೋಡುತ್ತಾ, ಗಂಟೆಗೆ ಕಿವಿಕೊಟ್ಟು ಕೂತಿದ್ದರು. ಕೊನೆಗೆ ಎಂಜಿನ್ನು ನಿಂತಾಗ ಹೊದಿಕೆಯ ಅಂಚು ಸರಿಸಿ ಇಣುಕಿ, “ತಲುಪಿದೆವಾ?” ಎಂದು ಕೇಳಿದರು. ಆ ಮುಖವನ್ನು ನಾನು ಮರೆಯುವುದಿಲ್ಲ.

ಸಂಜೆ ಹೆಸರು ಓದಿದರು. ನಮ್ಮದಿರಲಿಲ್ಲ. ಆ ಹೆಂಗಸೇ ಹುಡುಕಿಕೊಂಡು ಬಂದು ಹೇಳಿದರು. ತಮಗೆ ಬಹಳ ಹಿಡಿಸಿತಂತೆ, ಆದರೆ ಉಳಿದ ಆಯ್ಕೆಗಾರರೆಲ್ಲ ಕೇಳಿದ್ದು ಒಂದೇ ಪ್ರಶ್ನೆಯಂತೆ: ಮನೆಯಲ್ಲಿ ಒಬ್ಬರೇ ಇರುವವರು ಇದನ್ನು ಆಡುವುದು ಹೇಗೆ? ನಾನು ಕೇಬಲನ್ನು ಸುತ್ತಿ ಚೀಲಕ್ಕೆ ಹಾಕಿದೆ.

ಭಾನುವಾರ ವಾಪಸು ಹೊರಟ ರೈಲಿನಲ್ಲಿ ತೆಂಗಿನ ತೋಟ, ಕೊಳ, ಮತ್ತೆ ತೋಟ ಕನಸಿನಂತೆ ಹಿಂದೆ ಹೋಗುತ್ತಿತ್ತು. ಕೊಲ್ಲಂ ದಾಟಿದ ಮೇಲೆ ಚಿತ್ರಕಾರ ಹೇಳಿದ. “ನಾಳೆ ಹೂಂ ಅಂತೀನ್ರಿ ಅಕ್ಕಾ.”

“ಗೊತ್ತು.”

“ಸಿಟ್ಟಾ?”

“ಹೌದು,” ಎಂದೆ. ಸುಳ್ಳು ಹೇಳುವ ಶಕ್ತಿ ಇರಲಿಲ್ಲ. ನನ್ನ ಜೊತೆಗಾರ ಹೋಗುತ್ತಿದ್ದ, ಅವನದ್ದೇನೂ ತಪ್ಪಿರಲಿಲ್ಲ, ನನಗೆ ದುಃಖವಾಗಿತ್ತು. ಕಿಟಕಿಯ ಕಡೆ ತಿರುಗಿ ಕೂತೆ. ಅವನು ಮಡಿಲಲ್ಲಿ ಅತ್ತೆಯ ಹೊದಿಕೆಯನ್ನು ಮಡಿಸಿ ಇಟ್ಟುಕೊಂಡು ಎರ್ನಾಕುಲಂವರೆಗೂ ಹಾಗೇ ಕೂತಿದ್ದ.

ಅವನು ಹೋಗಿ ಒಂದು ತಿಂಗಳು ಲ್ಯಾಪ್‌ಟಾಪಿನ ಆ ಕಡತವನ್ನು ತೆರೆಯಲಿಲ್ಲ. ಬೆಳಿಗ್ಗೆ ಆರಕ್ಕೆ ಎಚ್ಚರವಾಗುತ್ತಿತ್ತು, ಸುಮ್ಮನೆ ಮಲಗಿರುತ್ತಿದ್ದೆ. ಒಂದು ದಿನ ಅದೇ ಹೊತ್ತಿಗೆ ಪುಣೆಯಿಂದ ಫೋನು ಬಂತು. “ಅಕ್ಕಾ, ಕೇಬಲ್ ಇಲ್ಲದ ಆಗಂಗಿಲ್ಲೇನ್ರಿ?” ಅಂದ. “ಇಲ್ಲೆ ನಾನೂ ಒಬ್ಬನ ಇರ್ತೀನಿ.”

ಒಂದು ವಾರ ಹಿಡಿಯಿತು. ಕೇಬಲಿನ ಜಾಗದಲ್ಲಿ ಇಂಟರ್‌ನೆಟ್ ಕೂರಿಸಿದೆ. ಗಂಟೆ ಇಲ್ಲಿಂದ ಹೊರಟು ಅಲ್ಲಿಗೆ ಹೋಗಿ ಎಂಜಿನ್ನಿನ ಸದ್ದಾಗಿ ಬರಬೇಕು. ಎಷ್ಟು ತಡವಾಗುತ್ತದೆಂದು ಅಳೆಯಲು ಕಚೇರಿಯ ಅಭ್ಯಾಸದಂತೆ ಪಕ್ಕದಲ್ಲಿ ಒಂದು ಕಿಟಕಿ ತೆರೆದಿದ್ದೆ. ಅಂಕಿ ನೋಡಿದೆ, ಮುಚ್ಚಿದೆ.

ಬೆಳಿಗ್ಗೆ ಆರು ಗಂಟೆ. ನಾನು ಮೇಲೆ, ಪುಣೆಯಲ್ಲಿ ಅವನು ಕೆಳಗೆ. ಊಟದ ಮೇಜು, ಹೆಡ್‌ಫೋನು, ಪರದೆಯ ತುಂಬ ಅವನ ನಲವತ್ತು ಹಾಳೆಗಳ ಮಂಜು. ಮೂರು ಬಡಿತ ಬಾರಿಸಿದೆ. ಏನೂ ಆಗಲಿಲ್ಲ, ಆಮೇಲೆ ದೂರದಲ್ಲಿ ಎಂಜಿನ್ನು ಮುಂದಕ್ಕೆ ಎಳೆಯಿತು. ಬೋಟು ನೀರನ್ನು ಸೀಳುತ್ತಾ ಹೊರಟಿತು. ಮಾತಾಡುವ ದಾರಿಯನ್ನೇ ನಾನು ಇಟ್ಟಿರಲಿಲ್ಲ. ಬಹಳ ಹೊತ್ತಿನ ಮೇಲೆ ಮಂಜಿನೊಳಗೆ ಜೆಟ್ಟಿಯ ಕಂಬಗಳು ಕಪ್ಪಗೆ ಮೂಡಿದವು. ಎದೆ ಹೊಡೆದುಕೊಳ್ಳತೊಡಗಿತು. ಬಾರಿಸಬೇಕೆಂದು ಹಗ್ಗಕ್ಕೆ ಕೈ ಹಾಕಿದೆ.

ಎಳೆಯುವ ಮೊದಲೇ ಎಂಜಿನ್ನಿನ ಸ್ವರ ಇಳಿಯಿತು.